ನಗರದ ಕಾವಲು

ಊರೆಂಬುದು ಹುಟ್ಟಿದ ದಿನವೇ ಊರಿನ ಕಾವಲೂ ಹುಟ್ಟಿತೆಂದು ಹೇಳಬಹುದು. ಹತ್ತು ಮನೆಗಳವರು ಒಂದೆಡೆ ನೆಲಸಿ, ರಾತ್ರಿ ದೀಪವಾರಿಸಿ ನಿಶ್ಚಿಂತೆಯಿಂದ ಮಲಗಬೇಕಾದರೆ ಯಾರಾದರೊಬ್ಬರು ಎಚ್ಚರವಾಗಿರಬೇಕಷ್ಟೆ. ನಮ್ಮ ಹಳ್ಳಿಗಳಲ್ಲಿ ಈ ಎಚ್ಚರದ ಹೊಣೆಯನ್ನು ತಳವಾರನು ಹೊತ್ತಿದ್ದನು. ಊರಿಗೆ ಬಂದ ಹೊಸಬನು ಯಾರು, ಯಾರ ಮನೆಯಲ್ಲಿ ಇಳಿದಿದ್ದಾನೆ, ಯಾವ ಹೊಲದಲ್ಲಿ ಯಾರ ದನ ನುಗ್ಗಿತು ಎಂಬುದೆಲ್ಲವೂ ಅವನಿಗೆ ಗೊತ್ತಿರುತ್ತಿತ್ತು. ಅವನು ಎಂಥವನೆಂಬುದು ಊರಿಗೂ ಗೊತ್ತಿರುತ್ತಿತ್ತು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಡಮೆಯದಲ್ಲ. ಹಳ್ಳಿಯಲ್ಲಿ ಕಾವಲುಗಾರನ ಮೇಲೆ ಕಣ್ಣಿಡಲು ಬೇರೊಬ್ಬ ಅಧಿಕಾರಿಯು ಅಷ್ಟಾಗಿ ಬೇಕಾಗಿರಲಿಲ್ಲ; ಊರಿನ ಕಣ್ಣೇ ಬಹುಮಟ್ಟಿಗೆ ಸಾಕಾಗಿತ್ತು.

ನಗರದ ಸಂಗತಿಯೇ ಬೇರೆ. ಅಲ್ಲಿ ಗೋಡೆಗೆ ಗೋಡೆ ತಗುಲಿಕೊಂಡಿದ್ದರೂ ನೆರೆಯವನ ಹೆಸರು ತಿಳಿಯದು. ಅಪರಿಚಿತರ ನಡುವೆ ಅಪರಿಚಿತನೊಬ್ಬನಿಗೆ ಅಧಿಕಾರವನ್ನು ಕೊಟ್ಟು, ನಮ್ಮ ಮನೆಬಾಗಿಲನ್ನು ಕಾಯೆಂದು ಒಪ್ಪಿಸಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು ಎಂಬ ಗಾದೆಯ ಭಯವು ಇಲ್ಲಿ ನಿಜವಾದ ಭಯ. ಆದುದರಿಂದ ನಗರದ ಪೋಲೀಸು ವ್ಯವಸ್ಥೆಯನ್ನು ಕುರಿತು ವಿಚಾರಮಾಡುವವರು ಯಾವಾಗಲೂ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳಬೇಕು. ಕಳ್ಳಕಾಕರಿಂದ ನಗರವನ್ನು ರಕ್ಷಿಸುವಂತೆ ದಳವನ್ನು ಏರ್ಪಡಿಸುವುದು ಹೇಗೆ? ಆ ದಳವೇ ಜನರಿಗೆ ಪೀಡೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ಈ ಪ್ರಶ್ನೆಗಳು ನಮ್ಮ ದೇಶಕ್ಕೆ ಹೊಸವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಆಡಳಿತಕ್ಕೆ ನಾಗರಕನೆಂಬ ಅಧಿಕಾರಿಯನ್ನು ಹೇಳಿದೆ. ಅವನ ಕೆಳಗೆ ನಗರದ ಭಾಗಗಳಿಗೆ ಸ್ಥಾನಿಕರು; ಸ್ಥಾನಿಕರ ಕೆಳಗೆ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೊಬ್ಬ ಗೋಪ. ಪ್ರತಿ ಮನೆಯವರ ಹೆಸರು, ಕುಲ, ಕಸಬು, ಆದಾಯ ವೆಚ್ಚಗಳನ್ನು ಗೋಪನು ತಿಳಿದಿರಬೇಕು. ರಾತ್ರಿಯ ಕಾವಲುಗಾರನು ತಪ್ಪಿ ನಡೆದರೆ ಅವನಿಗೂ ದಂಡವನ್ನು ವಿಧಿಸಿದೆ. 1443ರಲ್ಲಿ ವಿಜಯನಗರವನ್ನು ಕಂಡ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಆ ನಗರದ ಅಧಿಪತಿಯ ಕೈಕೆಳಗೆ 12,000 ಮಂದಿ ಕಾವಲುಭಟರಿದ್ದರೆಂದು ಕೇಳಿ ಬರೆದಿಟ್ಟಿದ್ದಾನೆ. ಮೊಗಲರ ಕಾಲದ ಕೊತ್ವಾಲನ ಹೆಸರು ಇಂದಿಗೂ ನಮ್ಮ ಜನರ ಮಾತಿನಲ್ಲಿದೆ. ಆದರೆ ಇವೆಲ್ಲವೂ ಅರಸನ ಕಾವಲು. ಕಾಯುವವನು ಅರಸನಿಗೆ ಉತ್ತರ ಹೇಳುತ್ತಿದ್ದನೇ ಹೊರತು ಕಾಯಿಸಿಕೊಳ್ಳುವವನಿಗಲ್ಲ.

ನಗರದ ಪೋಲೀಸು ನಗರದ ಜನರಿಗೆ ಹೊಣೆಯಾಗಿ, ಅವರ ಸಮ್ಮತಿಯಿಂದಲೇ ಬಾಳಬೇಕೆಂಬ ತತ್ತ್ವವು ಕಷ್ಟಪಟ್ಟು ರೂಪುಗೊಂಡ ಸ್ಥಳಗಳಲ್ಲಿ ಲಂಡನ್ ನಗರವು ಮುಖ್ಯವಾದುದು. ಅದರ ಕಥೆಯನ್ನು ನಾವು ಇಲ್ಲಿ ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಆ ಏರ್ಪಾಟು ಜಗತ್ತಿನ ಅನೇಕ ನಗರಗಳಿಗೆ ಮಾದರಿಯಾಯಿತೆಂಬುದು ಒಂದು. ನಮ್ಮನ್ನು ಆಳಿದ ಇಂಗ್ಲಿಷರು ತಮ್ಮ ಮನೆಗೆ ಒಂದು ಬಗೆಯ ಪೋಲೀಸನ್ನು ಇಟ್ಟುಕೊಂಡು, ನಮಗೆ ಮತ್ತೊಂದು ಬಗೆಯದನ್ನು ಕೊಟ್ಟುಹೋದರೆಂಬುದು ಇನ್ನೊಂದು.

ಹದಿನೆಂಟನೆಯ ಶತಮಾನದ ಲಂಡನ್ನು ಬೆಳೆದು ದೊಡ್ಡದಾಗಿದ್ದರೂ ಅದರ ಕಾವಲು ಮಾತ್ರ ಹಳ್ಳಿಯ ಕಾವಲಾಗಿಯೇ ಉಳಿದಿತ್ತು. 1801ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 10 ಲಕ್ಷ ಜನರಿದ್ದರು. ಊರು ಚರ್ಚುಗಳ ಹೋಬಳಿಗಳಾಗಿ ಹಂಚಿಹೋಗಿತ್ತು. ಪ್ರತಿಯೊಂದು ಹೋಬಳಿಯಲ್ಲಿಯೂ ಒಬ್ಬ ಗೃಹಸ್ಥನು ವರ್ಷಕಾಲ ಸಂಬಳವಿಲ್ಲದೆ ಕಾನ್‌ಸ್ಟೇಬಲ್ಲನ ಕೆಲಸವನ್ನು ಮಾಡಬೇಕೆಂದು ವಿಧಿ. ಅನುಕೂಲಸ್ಥರು ಅಷ್ಟಿಷ್ಟು ಹಣ ತೆತ್ತು ಬೇರೆಯವನನ್ನು ನಿಲ್ಲಿಸಿ ತಾವು ತಪ್ಪಿಸಿಕೊಳ್ಳುತ್ತಿದ್ದರು. ರಾತ್ರಿ ಲಾಂದ್ರವನ್ನೂ ಕೋಲನ್ನೂ ಹಿಡಿದು ಗಂಟೆಯನ್ನು ಕೂಗಿ ಹೇಳುತ್ತ ತಿರುಗುವ ಪಹರೆಯವರಿದ್ದರು. ಅವರಲ್ಲಿ ಅನೇಕರು ವೃದ್ಧರೂ ದುರ್ಬಲರೂ ಆಗಿದ್ದು ಊರಿನವರ ನಗೆಗೆ ಈಡಾಗಿದ್ದರು. ಒಂದು ಹೋಬಳಿಯ ಗಡಿಯನ್ನು ದಾಟಿದ ಕಳ್ಳನು ಮತ್ತೊಂದು ಹೋಬಳಿಯವರ ತಲೆನೋವಾಗುತ್ತಿದ್ದನು.

ಕಳ್ಳನನ್ನು ಹಿಡಿದುಕೊಟ್ಟವರಿಗೆ ಸರ್ಕಾರವು ಬಹುಮಾನ ಕೊಡುತ್ತಿತ್ತು. ಇದರಿಂದ ಕಳ್ಳರನ್ನು ಹಿಡಿಯುವುದೇ ಒಂದು ಕಸಬಾಯಿತು. ಆ ಕಸಬಿನಲ್ಲಿ ಹೆಸರಾಂತವನು ಜೋನಾಥನ್ ವೈಲ್ಡ್. ಕಳ್ಳರ ಕೈಯಿಂದ ಕದಿಸುವವನೂ ಅವನೇ. ಕದ್ದ ಮಾಲನ್ನು ಒಡೆಯನಿಗೆ ಹಿಂದಿರುಗಿಸಿ ಹಣ ಪಡೆಯುವವನೂ ಅವನೇ. ತನ್ನ ಮಾತನ್ನು ಮೀರಿದ ಕಳ್ಳನನ್ನು ಗಲ್ಲಿಗೆ ಒಪ್ಪಿಸಿ ಬಹುಮಾನ ಪಡೆಯುವವನೂ ಅವನೇ. 1725ರಲ್ಲಿ ಅವನನ್ನೂ ಗಲ್ಲಿಗೇರಿಸಿದರು. ಬೇಲಿಯು ಹೊಲ ಮೇಯ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ಕಾವಲು ಇಷ್ಟು ಸಡಿಲವಾಗಿದ್ದುದರಿಂದ ಶಿಕ್ಷೆಯನ್ನು ಬಿಗಿಮಾಡಿದರು. ಆ ಶತಮಾನದ ಕೊನೆಯ ಹೊತ್ತಿಗೆ ಮರಣದಂಡನೆಗೆ ಗುರಿಯಾಗುವ ಅಪರಾಧಗಳು ಸುಮಾರು 200ಕ್ಕೆ ಏರಿದ್ದುವು. ಆದರೂ ಕಳ್ಳತನವು ಕಡಮೆಯಾಗಲಿಲ್ಲ. ಸಿಕ್ಕಿಬೀಳುವೆನೆಂಬ ಭಯವಿಲ್ಲದವನಿಗೆ ಶಿಕ್ಷೆಯ ಭಯವೆಲ್ಲಿಯದು?

ಈ ದುರವಸ್ಥೆಗೆ ಮೊದಲು ಮದ್ದು ಹುಡುಕಿದವನು ಕಾದಂಬರಿಕಾರನಾಗಿಯೂ ಪ್ರಸಿದ್ಧನಾದ ಹೆನ್ರಿ ಫೀಲ್ಡಿಂಗ್. ಬೋ ಸ್ಟ್ರೀಟಿನಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಅವನು 1749ರ ಸುಮಾರಿಗೆ ನಂಬಿಕಸ್ಥರಾದ ಕೆಲವೇ ಮಂದಿಯ ಒಂದು ಚಿಕ್ಕ ಗುಂಪನ್ನು ಕಟ್ಟಿದನು. ಅವನ ತರುವಾಯ ಅವನ ತಮ್ಮನಾದ ಜಾನ್ ಫೀಲ್ಡಿಂಗನು ಆ ಕೆಲಸವನ್ನು ಮುಂದುವರಿಸಿದನು. ಈತನು ಎರಡು ಕಣ್ಣುಗಳೂ ಕಾಣದವನು. ಆದರೂ ಅಪರಾಧಿಗಳ ಚಹರೆಗಳನ್ನು ಅಚ್ಚುಹಾಕಿಸಿ ಊರೂರಿಗೆ ಕಳುಹಿಸುವ ಪದ್ಧತಿಯನ್ನು ಬೆಳೆಸಿದನು. 1798ರಲ್ಲಿ ಥೇಮ್ಸ್ ನದಿಯ ಬಂದರಿನಲ್ಲಿ ಹಡಗುಗಳ ಸರಕನ್ನು ಕಾಯಲು ನದೀ ಪೋಲೀಸು ಏರ್ಪಟ್ಟಿತು. ಇವೆಲ್ಲವೂ ಬಿಡಿಬಿಡಿ ಪ್ರಯತ್ನಗಳು. ಇಡೀ ನಗರಕ್ಕೆ ಒಂದೇ ದಳವೆಂಬುದು ಇನ್ನೂ ದೂರವಿತ್ತು.

ಅದಕ್ಕೆ ಅಡ್ಡಿಯಾಗಿದ್ದುದು ಹಣದ ಕೊರತೆಗಿಂತ ಹೆಚ್ಚಾಗಿ ಜನರ ಸಂಶಯ. ಪೋಲೀಸೆಂದರೆ ಫ್ರಾನ್ಸಿನ ದೊರೆಯ ಗೂಢಚಾರರ ನೆನಪು ಇಂಗ್ಲಿಷರಿಗೆ ಬರುತ್ತಿತ್ತು. 1780ರ ಜೂನ್ ತಿಂಗಳಲ್ಲಿ ಗಾರ್ಡನ್ ದಂಗೆಗಳೆಂಬ ಗಲಭೆಯೆದ್ದು ಲಂಡನ್ನು ದಿನಗಟ್ಟಲೆ ಉರಿಯಿತು. ಸೈನ್ಯವನ್ನು ಕರೆಸಿ ನೂರಾರು ಜನರನ್ನು ಕೊಂದ ಮೇಲೆಯೇ ಅದು ಶಾಂತವಾದುದು. ಇಷ್ಟಾದರೂ 1785ರಲ್ಲಿ ತಂದ ಪೋಲೀಸು ಮಸೂದೆಯು ವಿರೋಧಕ್ಕೆ ಸಿಕ್ಕಿ ಬಿದ್ದುಹೋಯಿತು. ಇಲ್ಲಿ ಒಂದು ಸಂಗತಿಯನ್ನು ನಾವು ಗುರುತಿಟ್ಟುಕೊಳ್ಳಬೇಕು. ಲಂಡನ್ನಿನವರು ತಮಗೆ ಬೇಡವೆಂದು ತಳ್ಳಿದುದನ್ನು ಮರುವರ್ಷವೇ, ಎಂದರೆ 1786ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದ ಮೇಲೆ ಹೊರಿಸಲಾಯಿತು. ಆಳುವವರ ಊರಿಗೆ ಒಂದು ನ್ಯಾಯ, ಆಳಿಸಿಕೊಳ್ಳುವವರ ಊರಿಗೆ ಮತ್ತೊಂದು ನ್ಯಾಯ ಎಂಬ ಕವಲುದಾರಿಯು ಅಲ್ಲಿಯೇ ಹೊರಟಿತು.

1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಮತಾಧಿಕಾರವನ್ನು ಕೇಳಲು ಶಾಂತವಾಗಿ ನೆರೆದಿದ್ದ ಜನರ ಮೇಲೆ ಕುದುರೆಯ ಸವಾರರು ಕತ್ತಿ ಹಿರಿದು ನುಗ್ಗಿದರು. ಹಲವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಗುಂಪನ್ನು ಚದರಿಸಲು ಸೈನ್ಯವೊಂದೇ ಸಾಧನವಾದರೆ ಆಗುವುದೇನೆಂಬುದು ವಿಚಾರವಂತರಿಗೆ ಮನದಟ್ಟಾಯಿತು. ಕತ್ತಿಗೂ ಕೈಕಟ್ಟಿ ಕೂರುವುದಕ್ಕೂ ನಡುವೆ ಮೂರನೆಯ ಉಪಾಯವೊಂದು ಬೇಕಾಗಿತ್ತು.

ಆ ಉಪಾಯವನ್ನು ಕಾರ್ಯಕ್ಕೆ ತಂದವನು 1822ರಲ್ಲಿ ಗೃಹಮಂತ್ರಿಯಾದ ರಾಬರ್ಟ್ ಪೀಲ್. ಅವನು 1812ರಿಂದ 1818ರ ವರೆಗೆ ಐರ್ಲೆಂಡಿನ ಆಡಳಿತವನ್ನು ನಡೆಸಿ, ಅಲ್ಲಿ 1814ರಲ್ಲಿ ಶಾಂತಿಪಾಲನೆಗೆಂದು ಒಂದು ದಳವನ್ನು ಕಟ್ಟಿದ್ದನು. ಪಾರ್ಲಿಮೆಂಟನ್ನು ಒಪ್ಪಿಸಲು ಅವನಿಗೆ ಏಳು ವರ್ಷಗಳು ಹಿಡಿದವು. 1829ರ ಜೂನಿನಲ್ಲಿ ಕಾಯಿದೆಯು ಅಂಗೀಕೃತವಾಗಿ, ಸೆಪ್ಟೆಂಬರ್ 29ರ ಸಂಜೆ ಹೊಸ ಪೋಲೀಸಿನವರು ಮೊದಲಬಾರಿಗೆ ಬೀದಿಗಿಳಿದರು.

ಈ ದಳದ ರಚನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮೇಲೆ ಇಬ್ಬರು ಕಮಿಷನರುಗಳು. ಅವರಲ್ಲೊಬ್ಬನಾದ ಕರ್ನಲ್ ಚಾರ್ಲ್ಸ್ ರೋವನ್ನನು ವಾಟರ್ಲೂ ಕದನದಲ್ಲಿ ಕಾದಿದ ಸೈನಿಕ. ಇನ್ನೊಬ್ಬನಾದ ರಿಚರ್ಡ್ ಮೇನನು ತರುಣ ವಕೀಲ. ಒಬ್ಬನು ಶಿಸ್ತನ್ನು ಬಲ್ಲವನು, ಇನ್ನೊಬ್ಬನು ಕಾನೂನನ್ನು ಬಲ್ಲವನು. ದಳದ ಹಣಕಾಸು ಮಾತ್ರ ಇವರ ಕೈಯಲ್ಲಿರಲಿಲ್ಲ. ಅದಕ್ಕೆ ರಿಸೀವರೆಂಬ ಬೇರೊಬ್ಬ ಅಧಿಕಾರಿಯಿದ್ದನು. ಲಾಠಿಯೂ ಥೈಲಿಯೂ ಒಂದೇ ಕೈಯಲ್ಲಿರಬಾರದೆಂಬ ವಿವೇಕವನ್ನು ಇದರಲ್ಲಿ ಕಾಣಬಹುದು. ಕಚೇರಿಯು ವೈಟ್‌ಹಾಲ್ ಪ್ಲೇಸಿನ 4ನೆಯ ನಂಬರಿನ ಮನೆ. ಅದರ ಹಿಂಬಾಗಿಲು ಸ್ಕಾಟ್ಲೆಂಡ್ ಯಾರ್ಡ್ ಎಂಬ ಅಂಗಳಕ್ಕೆ ತೆರೆಯುತ್ತಿದ್ದುದರಿಂದ ಆ ಹೆಸರೇ ಇಡೀ ಇಲಾಖೆಗೆ ಅಂಟಿಕೊಂಡಿತು. ಕಚೇರಿಯು ಹಲವು ಬಾರಿ ಸ್ಥಳ ಬದಲಾಯಿಸಿದರೂ ಹೆಸರು ಬದಲಾಗಲಿಲ್ಲ.

ನಗರವನ್ನು 17 ವಿಭಾಗಗಳಾಗಿ ವಿಂಗಡಿಸಿದರು. ಒಂದೊಂದು ವಿಭಾಗಕ್ಕೆ ಒಬ್ಬ ಸೂಪರಿಂಟೆಂಡೆಂಟ್, 4 ಮಂದಿ ಇನ್‌ಸ್ಪೆಕ್ಟರುಗಳು, 16 ಮಂದಿ ಸಾರ್ಜೆಂಟರು, 144 ಮಂದಿ ಕಾನ್‌ಸ್ಟೇಬಲ್ಲುಗಳು. ಎಂದರೆ ಒಂಬತ್ತು ಮಂದಿಗೆ ಒಬ್ಬ ಸಾರ್ಜೆಂಟ್. ಮೇಲಿನ ಹುದ್ದೆಗಳನ್ನು ಕೆಳಗಿನವರಿಂದಲೇ ತುಂಬಬೇಕೆಂಬುದು ಪೀಲನ ನಿಯಮ. ದೊಡ್ಡ ಮನೆತನದವರ ಶಿಫಾರಸಿಗೆ ಅಲ್ಲಿ ಎಡೆಯಿರಲಿಲ್ಲ. ಕಾನ್‌ಸ್ಟೇಬಲ್ಲನಿಗೆ ವಾರಕ್ಕೆ 21 ಷಿಲ್ಲಿಂಗು ಸಂಬಳ. ಖರ್ಚಿಗಾಗಿ ಹೋಬಳಿಗಳಿಂದ ಪೋಲೀಸು ತೆರಿಗೆಯನ್ನು ಎತ್ತುತ್ತಿದ್ದರು. ನಗರದ ಹಳೆಯ ನಡುಭಾಗವಾದ ಒಂದು ಚದರ ಮೈಲಿಯಷ್ಟು ಪ್ರದೇಶವು ತನ್ನ ಹಕ್ಕನ್ನು ಬಿಟ್ಟುಕೊಡದೆ ಹೊರಗುಳಿದು, 1839ರಲ್ಲಿ ತನ್ನದೇ ದಳವನ್ನು ಮಾಡಿಕೊಂಡಿತು. ಅದು ಇಂದಿಗೂ ಬೇರೆಯಾಗಿಯೇ ಇದೆ.

ಈ ಎಲ್ಲ ಶ್ರೇಣಿಗಳ ತಳದಲ್ಲಿ, ಅದರ ಜೀವವೆನ್ನಬಹುದಾದ ಏರ್ಪಾಟೊಂದಿತ್ತು. ಅದೇ ಗಸ್ತು. ಒಬ್ಬೊಬ್ಬ ಕಾನ್‌ಸ್ಟೇಬಲ್ಲನಿಗೂ ಕೆಲವು ಬೀದಿಗಳನ್ನು ಗೊತ್ತುಮಾಡಿದ್ದರು. ಗಂಟೆಗೆ 2½ ಮೈಲಿಯ ನಡಗೆಯಲ್ಲಿ ಅವನು ಅದನ್ನು ಸುತ್ತುತ್ತಿರಬೇಕು. ಸುಮಾರು ಹತ್ತು ಹದಿನೈದು ನಿಮಿಷಗಳಿಗೊಮ್ಮೆಯಾದರೂ ಅದರ ಪ್ರತಿಯೊಂದು ಭಾಗವೂ ಅವನ ಕಣ್ಣಿಗೆ ಬೀಳಬೇಕು. ಬೀದಿ, ಸಂದಿ, ಹಿತ್ತಿಲು ಬಾಗಿಲುಗಳನ್ನು ತಿಳಿದು, ಮನೆಯವರ ಮುಖಪರಿಚಯವನ್ನೂ ಮಾಡಿಕೊಂಡಿರಬೇಕು. ದಳದ ಮೂರರಲ್ಲಿ ಎರಡು ಪಾಲು ಮಂದಿಗೆ ರಾತ್ರಿಯ ಕೆಲಸ. ಅಪರಾಧವಾದ ಮೇಲೆ ಹಿಡಿಯುವುದಕ್ಕಿಂತ ಆಗದಂತೆ ತಡೆಯುವುದೇ ಮುಖ್ಯ ಗುರಿಯೆಂದು 1829ರ ಸೂಚನೆಗಳಲ್ಲಿಯೇ ಬರೆದಿತ್ತು. ಇದನ್ನು ಓದುವಾಗ ನಮಗೆ ತಳವಾರನ ನೆನಪಾದರೆ ಆಶ್ಚರ್ಯವಿಲ್ಲ. ಹತ್ತಾರು ಲಕ್ಷ ಜನರ ನಗರವನ್ನು ಚಿಕ್ಕಚಿಕ್ಕ ಹಳ್ಳಿಗಳಾಗಿ ಒಡೆದು, ಒಂದೊಂದಕ್ಕೆ ಒಬ್ಬ ತಳವಾರನನ್ನು ಕೊಡುವುದೇ ಈ ಹೊಸ ವ್ಯವಸ್ಥೆಯ ಒಳಗುಟ್ಟು.

ಜನರ ಸಂಶಯವನ್ನು ಕಳೆಯಲು ಪಟ್ಟ ಶ್ರಮವೂ ಗಮನಾರ್ಹವಾದುದು. ಸೈನಿಕರ ಉಡುಪು ಕೆಂಪಾಗಿದ್ದುದರಿಂದ ಪೋಲೀಸಿನವರಿಗೆ ನೀಲಿಯ ಉಡುಪನ್ನು ಕೊಟ್ಟರು. ಕತ್ತಿ ಬಂದೂಕುಗಳಿಗೆ ಬದಲಾಗಿ ಅಂಗಿಯೊಳಗೆ ಅಡಗುವ ಮರದ ಗಿಡ್ಡ ದೊಣ್ಣೆ. ಸಹಾಯ ಕೂಗಲು ಗಿರಗಟ್ಟಿ. ಎಲ್ಲಕ್ಕಿಂತಲೂ ಮುಖ್ಯವಾದುದು ಕೊರಳಪಟ್ಟಿಯ ಮೇಲಣ ವಿಭಾಗದ ಅಕ್ಷರ ಮತ್ತು ಸಂಖ್ಯೆ. ಅನ್ಯಾಯಕ್ಕೊಳಗಾದ ಬಡವನು ಪೋಲೀಸಿನವನ ಹೆಸರನ್ನು ಅರಿಯದಿದ್ದರೂ ಆ ಸಂಖ್ಯೆಯನ್ನು ನೆನಪಿಟ್ಟು ದೂರು ಕೊಡಬಹುದಾಗಿತ್ತು. ಹಳ್ಳಿಯಲ್ಲಿ ಊರಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ನಗರದಲ್ಲಿ ಈ ಅಂಕಿಯು ಮಾಡಬೇಕಾಗಿತ್ತು.

ಆದರೆ ವಿಶ್ವಾಸವೆಂಬುದು ಕಾಯಿದೆಯ ಬಲದಿಂದ ಬರತಕ್ಕುದಲ್ಲ. ದಳದ ಮೊದಲನೆಯ ನಂಬರಿನ ಕಾನ್‌ಸ್ಟೇಬಲ್ಲನನ್ನೇ ಕುಡಿದುದಕ್ಕಾಗಿ ಮೊದಲ ದಿನವೇ ವಜಾಮಾಡಬೇಕಾಯಿತು. 1830ರ ಮೇ ತಿಂಗಳಲ್ಲಿದ್ದ ಸುಮಾರು 2,800 ಕಾನ್‌ಸ್ಟೇಬಲ್ಲುಗಳಲ್ಲಿ ನಾಲ್ಕು ವರ್ಷಗಳ ತರುವಾಯ ಉಳಿದವರು 562 ಮಂದಿ ಮಾತ್ರ. ವಜಾ ಆದವರಲ್ಲಿ ಹೆಚ್ಚಿನವರ ಅಪರಾಧವು ಕುಡಿತ. ಅಯೋಗ್ಯರನ್ನು ಇಟ್ಟುಕೊಂಡು ದಳವನ್ನು ತುಂಬಿಸುವುದಕ್ಕಿಂತ ಅವರನ್ನು ಕಳೆದುಕೊಂಡು ದಳವನ್ನು ಉಳಿಸುವುದು ಮೇಲೆಂದು ರೋವನ್ನನೂ ಮೇನನೂ ನಿಶ್ಚಯಿಸಿದ್ದರು.

1833ರ ಮೇ ತಿಂಗಳಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ನಡೆದ ಸಭೆಯನ್ನು ಪೋಲೀಸಿನವರು ದೊಣ್ಣೆ ಬೀಸಿ ಚದರಿಸುವಾಗ ರಾಬರ್ಟ್ ಕಲ್ಲಿ ಎಂಬ ಕಾನ್‌ಸ್ಟೇಬಲ್ಲನು ಇರಿತಕ್ಕೊಳಗಾಗಿ ಸತ್ತನು. ಮರಣದ ವಿಚಾರಣೆಗೆ ಕುಳಿತ ಪಂಚರು ಅದನ್ನು ನ್ಯಾಯಸಮ್ಮತವಾದ ವಧೆಯೆಂದು ತೀರ್ಪಿತ್ತರು! ತೀರ್ಪನ್ನು ಅನಂತರ ರದ್ದುಮಾಡಿದರೂ ಪಂಚರನ್ನು ಊರಿನ ಜನರು ಹಾಡಿ ಹೊಗಳಿದರು. ಅದೇ ವರ್ಷ ಪೊಪೆ ಎಂಬ ಸಾರ್ಜೆಂಟನು ಮಾರುವೇಷದಿಂದ ಕಾರ್ಮಿಕರ ಸಂಘದೊಳಕ್ಕೆ ಸೇರಿಕೊಂಡು ಅವರನ್ನು ಕೆರಳಿಸುತ್ತಿದ್ದುದು ಬೆಳಕಿಗೆ ಬಂತು. ಪಾರ್ಲಿಮೆಂಟಿನ ಸಮಿತಿಯು ಅವನ ನಡತೆಯನ್ನು ಖಂಡಿಸಿತು. ಅವನನ್ನು ಕೆಲಸದಿಂದ ತೆಗೆದರು. ಜನರಿಗೆ ಮಾರುವೇಷದ ಪೋಲೀಸಿನ ಮೇಲೆ ಎಷ್ಟು ಅಸಹ್ಯವಿತ್ತೆಂದರೆ 1842ರ ವರೆಗೆ ಪತ್ತೇದಾರಿ ಶಾಖೆಯನ್ನು ತೆರೆಯಲು ಇಲಾಖೆಗೆ ಧೈರ್ಯ ಬರಲಿಲ್ಲ. ತೆರೆದಾಗಲೂ ಅದರಲ್ಲಿದ್ದವರು ಇಬ್ಬರು ಇನ್‌ಸ್ಪೆಕ್ಟರುಗಳು, ಆರು ಮಂದಿ ಸಾರ್ಜೆಂಟರು. ಆ ಸಂಶಯವು ನಿರಾಧಾರವಾಗಿರಲಿಲ್ಲವೆಂಬುದು 1877ರಲ್ಲಿ ಕಂಡುಬಂತು. ಮೋಸಗಾರರಿಂದ ಲಂಚ ತಿಂದುದಕ್ಕಾಗಿ ಶಾಖೆಯ ಮೂವರು ಹಿರಿಯ ಅಧಿಕಾರಿಗಳು ಸೆರೆಮನೆಗೆ ಹೋದರು. ಮರುವರ್ಷ ಶಾಖೆಯನ್ನೇ ಹೊಸದಾಗಿ ಕಟ್ಟಬೇಕಾಯಿತು.

ಹಾಗಾದರೆ ಕಾಲಕ್ರಮದಲ್ಲಿ ಜನರ ಮನಸ್ಸು ತಿರುಗಿದುದು ಹೇಗೆ? ದೊಡ್ಡ ಕಳ್ಳರನ್ನು ಹಿಡಿದ ಸಾಹಸಗಳಿಗಿಂತ ಹೆಚ್ಚಾಗಿ ದಿನದಿನದ ಸಣ್ಣ ಸೇವೆಗಳಿಂದಲೇ ಎಂದು ನಮ್ಮ ಅಭಿಪ್ರಾಯ. ಗಸ್ತಿನವನು ರಾತ್ರಿ ಅಂಗಡಿಗಳ ಬಾಗಿಲನ್ನು ತಳ್ಳಿನೋಡಿ, ಚಿಲಕ ಹಾಕದಿದ್ದರೆ ಒಡೆಯನನ್ನು ಎಬ್ಬಿಸುತ್ತಿದ್ದನು. ಬೆಂಕಿ ಕಂಡರೆ ಕೂಗಿ ಹೇಳುತ್ತಿದ್ದನು. ದಾರಿತಪ್ಪಿದ ಮಗುವನ್ನು ಠಾಣೆಗೆ ಕರೆತಂದು ತಾಯಿ ಬರುವ ವರೆಗೆ ಇಟ್ಟುಕೊಳ್ಳುತ್ತಿದ್ದನು. ಬೆಳಗಿನ ಜಾವಕ್ಕೆ ಕಾರ್ಖಾನೆಗೆ ಹೋಗಬೇಕಾದ ಕೂಲಿಯವರ ಕಿಟಕಿಯನ್ನು ತಟ್ಟಿ ಎಬ್ಬಿಸಿ ಒಂದೆರಡು ಕಾಸು ಪಡೆಯುವುದೂ ಉಂಟು. ಬೀದಿಯಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಒಯ್ಯುವುದು, ಬಾಡಿಗೆಯ ಗಾಡಿಗಳಿಗೆ ಪರವಾನೆ ಕೊಟ್ಟು ಅವುಗಳಲ್ಲಿ ಮರೆತುಹೋದ ಸಾಮಾನನ್ನು ವಾರಸುದಾರರಿಗೆ ಮುಟ್ಟಿಸುವುದು, ಚೌಕಗಳಲ್ಲಿ ನಿಂತು ಗಾಡಿಗಳ ಸಂಚಾರವನ್ನು ನಡೆಸುವುದು, ಇವೆಲ್ಲವೂ ಪೋಲೀಸಿನ ಪಾಲಿಗೆ ಬಂದವು. ಪೀಲನ ಹೆಸರಾದ ರಾಬರ್ಟಿನ ಮುದ್ದಿನ ರೂಪವಾದ ಬಾಬಿ ಎಂಬ ಹೆಸರಿನಿಂದ ಊರಿನವರು ಅವನನ್ನು ಕರೆಯತೊಡಗಿದರು.

ಉಪಕರಣಗಳೂ ಕಾಲಕ್ಕೆ ತಕ್ಕಂತೆ ಬದಲಾದವು. 1880ರ ದಶಕದ ನಡುವೆ ಗಿರಗಟ್ಟಿಯ ಸ್ಥಾನಕ್ಕೆ ಸೀಟಿಯು ಬಂತು. 1887ರಲ್ಲಿ ಪೋಲೀಸಿನವನಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ದೊರೆಯಿತು. ಅಲ್ಲಿಯ ವರೆಗೆ ಅವನು ಸರ್ಕಾರದ ಕೈಗೊಂಬೆಯಾದಾನೆಂಬ ಭಯದಿಂದ ಅದನ್ನು ತಡೆದಿದ್ದರು. 1919ರಲ್ಲಿ ಹೆಂಗಸರು ಗಸ್ತಿಗೆ ಬಂದರು. 1937ರಲ್ಲಿ 999 ಎಂಬ ಮೂರು ಅಂಕಿಗಳನ್ನು ಟೆಲಿಫೋನಿನಲ್ಲಿ ತಿರುಗಿಸಿ ಸಹಾಯ ಕೇಳುವ ಏರ್ಪಾಟು ಲಂಡನ್ನಿನಲ್ಲಿ ಮೊದಲಾಯಿತು.

ಈ ಉಪಕರಣಗಳಲ್ಲಿ ಒಂದನ್ನು ಲಂಡನ್ನು ನಮ್ಮ ದೇಶದಿಂದ ಪಡೆಯಿತೆಂಬುದನ್ನು ಅಭಿಮಾನದಿಂದ ನೆನೆಯಬೇಕು. ಬೆರಳಚ್ಚುಗಳನ್ನು ವರ್ಗೀಕರಿಸಿ, ಸಾವಿರಾರು ಚೀಟಿಗಳಲ್ಲಿ ಬೇಕಾದುದನ್ನು ಕ್ಷಣದಲ್ಲಿ ಹುಡುಕುವ ಪದ್ಧತಿಯು ಸಿದ್ಧವಾದುದು ಬಂಗಾಳದಲ್ಲಿ. ಅಲ್ಲಿನ ಪೋಲೀಸಿನ ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಆದರೆ ಅದರ ಲೆಕ್ಕಾಚಾರದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಬುದ್ಧಿಯು ದುಡಿದಿದೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ನಡೆಯುತ್ತಿತ್ತು. ಲಂಡನ್ನಿನಲ್ಲಿ ಅಂಥದು ತೆರೆದುದು 1901ರಲ್ಲಿ. ಹೆನ್ರಿಯು 1903ರಿಂದ 1918ರ ವರೆಗೆ ಲಂಡನ್ನಿನ ಕಮಿಷನರನಾಗಿದ್ದನು.

ನಮ್ಮಿಂದ ಅಲ್ಲಿಗೆ ಹೋದುದು ಇದು. ಅಲ್ಲಿಂದ ನಮಗೆ ಬಂದುದೇನು? ಹಿಂದೆ ಹೇಳಿದ ಕವಲುದಾರಿಗೆ ಈಗ ಮರಳಬೇಕು. ಪೀಲನು ಲಂಡನ್ನಿಗೆ ಶಸ್ತ್ರವಿಲ್ಲದ ಪೋಲೀಸನ್ನು ಕೊಟ್ಟನಷ್ಟೆ. ಐರ್ಲೆಂಡಿನಲ್ಲಿ ಬೆಳೆದುದು ಬೇರೆಯ ಬಗೆ. 1836ರಲ್ಲಿ ಒಂದುಗೂಡಿದ ಅಲ್ಲಿನ ದಳವು ಬಂದೂಕು ಹಿಡಿದು, ಪಾಳೆಯದಂಥ ಠಾಣೆಗಳಲ್ಲಿ ವಾಸಮಾಡುತ್ತಿತ್ತು. ಅಲ್ಲಿನ ಭಟನನ್ನು ಅವನ ಸ್ವಂತ ಜಿಲ್ಲೆಯಲ್ಲಿ ನಿಯಮಿಸುತ್ತಿರಲಿಲ್ಲ. ಲಂಡನ್ನಿನ ಕಾನ್‌ಸ್ಟೇಬಲ್ಲನು ಬೀದಿಯವರನ್ನು ಅರಿಯಬೇಕೆಂಬುದು ಅಲ್ಲಿನ ತತ್ತ್ವವಾದರೆ, ಐರ್ಲೆಂಡಿನ ಭಟನು ಊರಿಗೆ ಅಂಟಿಕೊಳ್ಳಬಾರದೆಂಬುದು ಇಲ್ಲಿನ ತತ್ತ್ವ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರನು ತನ್ನ ಪೋಲೀಸಿಗೆ ಈ ಐರಿಷ್ ಅಚ್ಚನ್ನು ಆರಿಸಿಕೊಂಡನು. 1857ರ ಸಂಗ್ರಾಮದ ತರುವಾಯ ಬಂದ 1861ರ ಪೋಲೀಸು ಕಾಯಿದೆಯಲ್ಲಿಯೂ ಅದೇ ಛಾಯೆಯು ಗಾಢವಾಗಿದೆ. ಕಲ್ಕತ್ತೆ, ಬೊಂಬಾಯಿ, ಮದರಾಸುಗಳಿಗೆ 1856ರ ಕಾಯಿದೆಯಿಂದ ಲಂಡನ್ನಿನ ಮಾದರಿಯ ಕಮಿಷನರುಗಳು ದೊರೆತರೆಂಬುದೇನೋ ನಿಜ. ಹೆಸರು ಬಂದಂತೆ ಗುಣವೂ ಬರಲಿಲ್ಲ. ಆ ಕಮಿಷನರನು ಉತ್ತರ ಹೇಳಬೇಕಾಗಿದ್ದುದು ಪರಕೀಯ ಸರ್ಕಾರಕ್ಕೆ. ಆ ಸರ್ಕಾರವು ಉತ್ತರ ಹೇಳಬೇಕಾಗಿದ್ದ ಪಾರ್ಲಿಮೆಂಟಿನಲ್ಲಿ ನಮ್ಮ ಮತವಿರಲಿಲ್ಲ.

ಇದರ ಫಲವನ್ನು ಬೇರೆಯವರು ಹೇಳಬೇಕಾಗಿಲ್ಲ. ಸರ್ಕಾರವೇ ನೇಮಿಸಿದ 1902-03ರ ಫ್ರೇಸರ್ ಆಯೋಗವು, ಪೋಲೀಸು ಅಸಮರ್ಥವೆಂದೂ ಭ್ರಷ್ಟವೂ ಪೀಡಕವೂ ಎಂದು ಜನರು ಭಾವಿಸಿದ್ದಾರೆಂದೂ ಒಪ್ಪಿಕೊಂಡಿತು. ಠಾಣೆಯ ಮೆಟ್ಟಿಲು ಹತ್ತುವುದೇ ಮರ್ಯಾದಸ್ಥರಿಗೆ ಅವಮಾನವೆಂಬ ಭಾವನೆಯು ನಮ್ಮಲ್ಲಿ ಬೇರೂರಿದುದಕ್ಕೆ ನಮ್ಮ ಜನರ ಸ್ವಭಾವವು ಕಾರಣವಲ್ಲ. ದಳವನ್ನು ಯಾರಿಗಾಗಿ ಕಟ್ಟಿದರೆಂಬುದು ಕಾರಣ.

ಸ್ವಾತಂತ್ರ್ಯದೊಡನೆ ಆ ಕಾರಣವು ನೀಗಬೇಕಾಗಿತ್ತು. 1963ರಲ್ಲಿ ಬೆಂಗಳೂರಿಗೆ ಪೋಲೀಸು ಕಮಿಷನರರ ವ್ಯವಸ್ಥೆಯು ಬಂತು. ಅದೇ ವರ್ಷದ ಹೆಸರಿನ ಪೋಲೀಸು ಕಾಯಿದೆಯು ಕನ್ನಡನಾಡಿನ ಬೇರೆಬೇರೆ ಭಾಗಗಳ ಹಳೆಯ ಕಾಯಿದೆಗಳ ಸ್ಥಾನದಲ್ಲಿ ನಿಂತಿತು. ಅನೇಕ ರಾಜ್ಯಗಳಲ್ಲಿ 1861ರ ಅಚ್ಚು ಹಾಗೆಯೇ ಉಳಿಯಿತು. 2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶಗಳನ್ನು ಕೊಟ್ಟಿತು: ಅಧಿಕಾರಿಗಳಿಗೆ ನಿಶ್ಚಿತವಾದ ಅವಧಿ, ತನಿಖೆಗೂ ಶಾಂತಿಪಾಲನೆಗೂ ಬೇರೆಬೇರೆ ಸಿಬ್ಬಂದಿ, ಸರ್ಕಾರವು ಅಕ್ರಮವಾಗಿ ಕೈಹಾಕದಂತೆ ಒಂದು ಆಯೋಗ, ಜನರ ದೂರನ್ನು ಕೇಳಲು ಪ್ರತ್ಯೇಕ ಪ್ರಾಧಿಕಾರ. ಇವುಗಳ ಪೂರ್ಣವಾದ ಆಚರಣೆಗೆ ಎಡೆಬಿಡದೆ ಒತ್ತಾಯ ಬೇಕಾಗಿ ಬಂದಿದೆಯೆಂದಮೇಲೆ ಹಳೆಯ ಅಚ್ಚು ಎಷ್ಟು ಗಟ್ಟಿಯೆಂಬುದನ್ನು ಊಹಿಸಬಹುದು.

ಹಾಗೆಂದು ಲಂಡನ್ನನ್ನು ದೇವಾಲಯದಲ್ಲಿಟ್ಟು ಪೂಜಿಸಬೇಕಾಗಿಲ್ಲ. ಪೀಲನ ಒಂಬತ್ತು ಸೂತ್ರಗಳೆಂದು ಎಲ್ಲೆಲ್ಲಿಯೂ ಹೇಳಿಕೊಳ್ಳುವ ತತ್ತ್ವಗಳು 1829ರ ಕಾಗದಪತ್ರಗಳಲ್ಲಿ ಆ ರೂಪದಲ್ಲಿಲ್ಲ. ಅವನ್ನು ಹಾಗೆ ಜೋಡಿಸಿದವನು ಇಪ್ಪತ್ತನೆಯ ಶತಮಾನದ ಚರಿತ್ರಕಾರನಾದ ಚಾರ್ಲ್ಸ್ ರೀತ್. ಆಚರಣೆಯೂ ಸೂತ್ರದಷ್ಟು ಚೊಕ್ಕವಾಗಿರಲಿಲ್ಲ. ಲಂಡನ್ನಿನ ಪೋಲೀಸಿನಲ್ಲಿ ವರ್ಣಭೇದವು ಸಂಸ್ಥೆಯ ಮೈಗೇ ಹತ್ತಿದೆಯೆಂದು 1999ರಲ್ಲಿ ಮ್ಯಾಕ್‌ಫರ್ಸನ್ ವರದಿಯು ಹೇಳಿತು. 2023ರಲ್ಲಿ ಬ್ಯಾರನೆಸ್ ಕೇಸಿಯವರ ವರದಿಯು ಅದರೊಡನೆ ಸ್ತ್ರೀದ್ವೇಷವನ್ನೂ ಸೇರಿಸಿ ದೋಷಾರೋಪ ಮಾಡಿತು. ಜನರ ಸಮ್ಮತಿಯು ಒಮ್ಮೆ ಗಳಿಸಿಟ್ಟರೆ ಸಾಕೆನ್ನುವ ಆಸ್ತಿಯಲ್ಲವೆಂಬುದಕ್ಕೆ ಈ ಎರಡು ವರದಿಗಳೇ ಸಾಕ್ಷಿ. ಆದರೆ ಅಂಥ ವರದಿಗಳನ್ನು ಬರೆಯಿಸಿ, ಅಚ್ಚುಹಾಕಿಸಿ, ಬೀದಿಯವರೆಲ್ಲರ ಮುಂದೆ ಇಡುವ ಪದ್ಧತಿಯೂ 1833ರ ಸಮಿತಿಯ ಸಂಪ್ರದಾಯಕ್ಕೆ ಸೇರಿದುದೇ ಎಂಬುದನ್ನು ಮರೆಯಬಾರದು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದಿಷ್ಟು. ವಿಭಾಗಗಳು, ಹುದ್ದೆಗಳು, ವಾಹನಗಳು, ಯಂತ್ರಗಳು ಎಲ್ಲವೂ ಬೇಕು. ಅವುಗಳಿಲ್ಲದೆ ದೊಡ್ಡ ನಗರವು ಒಂದು ದಿನವೂ ನಡೆಯದು. ಆದರೆ ಅವುಗಳನ್ನು ಯಾವ ಸರ್ಕಾರವಾದರೂ ಕೊಂಡುತರಬಹುದು. ಬೀದಿಯನ್ನರಿತ ಗಸ್ತಿನವನನ್ನೂ ಗಸ್ತಿನವನನ್ನರಿತ ಬೀದಿಯನ್ನೂ ಕೊಂಡುತರಲಾಗದು. ಅದಕ್ಕೆ ಇಲಾಖೆಯ ಶ್ರಮದೊಡನೆ ನಮ್ಮ ಶ್ರಮವೂ ಕೂಡಬೇಕು. ಕಣ್ಣಾರೆ ಕಂಡುದನ್ನು ಸಾಕ್ಷಿ ಹೇಳಲು ಹಿಂಜರಿಯುವ ವಿದ್ಯಾವಂತರು, ತಮ್ಮ ಹುಡುಗನು ಸಿಕ್ಕಿಬಿದ್ದಾಗ ಶಿಫಾರಸಿನ ಚೀಟಿ ಹಿಡಿದು ಓಡುವ ಪ್ರಮುಖರು, ಬಡವನಿಗೆ ಠಾಣೆಯಲ್ಲಿ ಏಟು ಬಿದ್ದರೆ ಬೀಳಲಿ ಎನ್ನುವ ಸಭ್ಯರು, ಇವರೆಲ್ಲರೂ ಹಳೆಯ ಅಚ್ಚನ್ನೇ ಕಾಪಾಡುತ್ತಿದ್ದಾರೆ. ನಮ್ಮ ಬೀದಿಯ ಪೋಲೀಸಿನವನ ಎದೆಯ ಮೇಲಿರುವ ಹೆಸರನ್ನು ಓದಿ ಅವನ ಪರಿಚಯ ಮಾಡಿಕೊಳ್ಳುವುದು, ಅವನು ಸರಿಯಾಗಿ ನಡೆದಾಗ ಅವನ ಬೆಂಬಲಕ್ಕೆ ನಿಲ್ಲುವುದು, ತಪ್ಪಿದಾಗ ಅದೇ ಹೆಸರನ್ನು ಬರೆದು ದೂರು ಕೊಡುವುದು, ಇವು ಮೂರೂ ನಗರವಾಸಿಯ ಕರ್ತವ್ಯಗಳು. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲಲಾರವು.